ನೆರೆಮನೆಯ ನಾಯಿ ಮತ್ತು ನೆರೆಯವನ ಹಕ್ಕು

ಬಾಡಿಗೆ ಮನೆಯಲ್ಲಿ ಬಾಳುವವನಿಗೆ ಗೋಡೆಯ ಬಣ್ಣವನ್ನು ಆರಿಸಿಕೊಳ್ಳುವ ಸ್ವಾತಂತ್ರ್ಯವೂ ಇರುವುದಿಲ್ಲ. ನೆರೆಯವರನ್ನು ಆರಿಸಿಕೊಳ್ಳುವ ಮಾತು ದೂರವೇ ಉಳಿಯಿತು. ಮನೆಗಿಂತ ಮೊದಲು ನೆರೆಯವನನ್ನು ವಿಚಾರಿಸು ಎಂಬರ್ಥದ ಅರಬಿ ಗಾದೆಯೊಂದನ್ನು ಮದ್ರಸದ ದಿನಗಳಲ್ಲಿ ನಮ್ಮ ಉಸ್ತಾದರು ಮತ್ತೆ ಮತ್ತೆ ಹೇಳುತ್ತಿದ್ದರು. ಆದರೆ ಕವಿತಾಳದಂತಹ ಊರಿನಲ್ಲಿ ಮಸೀದಿಗೂ ಮಕ್ಕಳ ಶಾಲೆಗೂ ಹತ್ತಿರವಿರುವ, ಮೇಷ್ಟ್ರ ಸಂಬಳಕ್ಕೆ ನಿಲುಕುವ ಮನೆಯೊಂದು ಖಾಲಿಯಾಗಿದೆ ಎಂದು ತಿಳಿದಾಗ, ಪಕ್ಕದಲ್ಲಿ ಯಾರಿದ್ದಾರೆ ಎಂದು ಕೇಳುವಷ್ಟು ವ್ಯವಧಾನ ಯಾರಿಗಿರುತ್ತದೆ? ಮುಂಗಡ ಕೊಟ್ಟು ಕೀಲಿಕೈ ಪಡೆಯುವುದೇ ದೊಡ್ಡ ಸಾಧನೆ.

ನಾವಿರುವುದು ಒಂದೇ ಓಣಿಗೆ ಬಾಗಿಲು ತೆರೆಯುವ ಆರು ಮನೆಗಳ ಸಾಲಿನಲ್ಲಿ. ಶಹಾಬಾದ್ ಕಲ್ಲಿನ ನೆಲ, ನಡುವೆ ಒಂದೇ ಗೋಡೆ. ಅತ್ತ ಮನೆಯಲ್ಲಿ ಒಗ್ಗರಣೆ ಹಾಕಿದರೆ ಇತ್ತ ಸೀನು ಬರುತ್ತದೆ. ಪಕ್ಕದ ಮನೆಯಲ್ಲಿ ಹತ್ತಿ ಮತ್ತು ಭತ್ತದ ಲೋಡು ಸಾಗಿಸುವ ಲಾರಿ ಚಾಲಕರೊಬ್ಬರ ಕುಟುಂಬವಿದೆ, ಹಿಂದೂ ಸಹೋದರರು. ಕಳೆದ ವರ್ಷ ಮಳೆಗಾಲ ಮುಗಿಯುವ ಹೊತ್ತಿಗೆ ಅವರು ಎರಡು ನಾಯಿಗಳನ್ನು ತಂದರು. ಒಂದು ಸಾಧಾರಣ ಊರನಾಯಿ. ಇನ್ನೊಂದು ಮುಧೋಳ ತಳಿಯದೆಂದು ಯಾರೋ ಹೇಳಿ ಕೊಟ್ಟದ್ದು. ತೆಳ್ಳನೆಯ ಸೊಂಟ, ಉದ್ದ ಕಾಲು. ಎರಡನ್ನೂ ಮುಂಬಾಗಿಲಿನ ಕಂಬಕ್ಕೆ ಗಿಡ್ಡ ಸರಪಳಿಯಲ್ಲಿ ಕಟ್ಟಲಾಯಿತು. ಆರು ಮನೆಯ ಜನ, ಹಾಲಿನವನು, ತರಕಾರಿಯವಳು, ಟ್ಯೂಷನ್‌ಗೆ ಬರುವ ಮಕ್ಕಳು ಎಲ್ಲರೂ ಅವುಗಳ ಕಣ್ಣೆದುರೇ ಹಾದುಹೋಗಬೇಕು. ಹಾದುಹೋದ ಪ್ರತಿಯೊಬ್ಬರಿಗೂ ಅವು ಬೊಗಳಿದವು. ಹಗಲು ಜನರಿಗೆ, ಇರುಳು ಬೆಕ್ಕಿಗೆ, ಹಂದಿಗೆ, ದೂರದ ಬೇರೆ ನಾಯಿಗಳ ಕೂಗಿಗೆ.

ರಕ್ತದೊತ್ತಡದ ಮಾತ್ರೆ ನುಂಗಿ ಮಲಗುವ ನನ್ನ ತಾಯಿಗೆ ಆ ಚಳಿಗಾಲವಿಡೀ ನಿದ್ದೆಯಿರಲಿಲ್ಲ. ಮಗಳದು ಎಸ್ಸೆಸ್ಸೆಲ್ಸಿ ವರ್ಷ. ಕಿವಿಗೆ ಹತ್ತಿ ತುರುಕಿಕೊಂಡು ಓದುತ್ತಿದ್ದಳು. ಇರುಳಿನಲ್ಲಿ ನಾಯಿಯ ಬೊಗಳಿಕೆ ಕೇಳಿದರೆ ಅಲ್ಲಾಹನ ಅಭಯ ಯಾಚಿಸಿರಿ ಎಂಬ ಆಶಯದ ಹದೀಸ್ ಅಬೂದಾವೂದ್ ಸಂಗ್ರಹದಲ್ಲಿದೆ. ತಾಯಿ ಅದನ್ನು ಅಕ್ಷರಶಃ ಪಾಲಿಸುವವರು. ಫಜ್ರ್‌ನ ಹೊತ್ತಿಗೆ ನಾನು ಎದ್ದಾಗ ಅವರ ಎಣಿಕೆ ನೂರು ದಾಟಿರುತ್ತಿತ್ತು.

ಇಂತಹ ಸಂದರ್ಭದಲ್ಲಿ ಸಲಹೆಗಳಿಗೆ ಬರವಿಲ್ಲ. ಮಸೀದಿಯ ಅಂಗಳದಲ್ಲಿ ಒಬ್ಬೊಬ್ಬರು ಒಂದೊಂದು ಹೇಳಿದರು. ಮೊದಲನೆಯದು ಧರ್ಮದ ಹೆಸರಿನಲ್ಲಿ ಬಂದ ಸಲಹೆ: “ಹಜರತ್, ನಾಯಿ ನಾಪಾಕ್ ಅಲ್ಲವೇ? ದಾರಿಯಲ್ಲಿ ಬಟ್ಟೆಗೆ ತಗಲಿದರೆ ನಮಾಝಿನ ಗತಿಯೇನು?” ಇದಕ್ಕೆ ಉತ್ತರ ಕಷ್ಟವಲ್ಲ. ನಮ್ಮ ಭಾಗದವರು ಅನುಸರಿಸುವ ಹನಫಿ ಮದ್‌ಹಬ್‌ನಲ್ಲಿ ನಾಯಿಯ ಜೊಲ್ಲು ಅಶುದ್ಧ; ಒಣಗಿದ ಮೈ ತಗಲಿದ ಮಾತ್ರಕ್ಕೆ ಬಟ್ಟೆ ಕೆಡುವುದಿಲ್ಲ. ಕರಾವಳಿಯ ಸಹೋದರರು ಅನುಸರಿಸುವ ಶಾಫಿಈ ಮದ್‌ಹಬ್ ಇದರಲ್ಲಿ ಹೆಚ್ಚು ಬಿಗಿ. ಒದ್ದೆ ತಗಲಿದರೆ ಏಳು ಬಾರಿ, ಅದರಲ್ಲೊಮ್ಮೆ ಮಣ್ಣು ಬೆರೆಸಿದ ನೀರಿನಿಂದ ತೊಳೆಯಬೇಕೆನ್ನುತ್ತದೆ. ಮಾಲಿಕಿ ಮದ್‌ಹಬ್ ನಾಯಿಯನ್ನು ಶುದ್ಧ ಪ್ರಾಣಿಯೆಂದೇ ಎಣಿಸುತ್ತದೆ. ಬೇಟೆಗೆ, ಮಂದೆಗೆ, ಹೊಲದ ಕಾವಲಿಗೆ ನಾಯಿ ಸಾಕುವ ಅನುಮತಿ ಹದೀಸ್‌ಗಳಲ್ಲಿ ಸ್ಪಷ್ಟವಾಗಿದೆ. ತರಬೇತಾದ ನಾಯಿ ಹಿಡಿದು ತಂದ ಬೇಟೆಯ ಪ್ರಸ್ತಾಪ ಅಲ್‌ಮಾಇದಃ ಅಧ್ಯಾಯದಲ್ಲಿದೆ. ಗುಹಾವಾಸಿ ಯುವಕರ ಬಾಗಿಲಲ್ಲಿ ಮುಂಗಾಲು ಚಾಚಿ ಮಲಗಿದ್ದ ನಾಯಿಯನ್ನು ಅಲ್‌ಕಹ್ಫ್ ಅಧ್ಯಾಯ ಮರೆಯದೆ ಸ್ಮರಿಸಿದೆ. ಮೇಲಾಗಿ ಈ ನಿಯಮಗಳು ನಮ್ಮ ಶುದ್ಧಿಗೆ ಸಂಬಂಧಿಸಿದವು; ಪಕ್ಕದ ಮನೆಯ ಹಿಂದೂ ಸಹೋದರರ ಮೇಲೆ ಹೊರಿಸಲು ಬಂದವಲ್ಲ. ನಮ್ಮ ತಕರಾರು ಸದ್ದಿನದು. ಅದನ್ನು ಧರ್ಮದ ತಕರಾರಾಗಿ ಮಾಡಿದರೆ ನಾಯಿ ಬೊಗಳುವುದು ನಿಲ್ಲುವುದಿಲ್ಲ, ಮನುಷ್ಯರು ಶುರು ಮಾಡುತ್ತಾರೆ.

ಎರಡನೆಯ ಸಲಹೆ ಕಾನೂನಿನದು. 2000ನೇ ಇಸವಿಯ ಶಬ್ದಮಾಲಿನ್ಯ ನಿಯಮಗಳಂತೆ ವಸತಿ ಪ್ರದೇಶದಲ್ಲಿ ಹಗಲು 55, ರಾತ್ರಿ 10ರಿಂದ ಬೆಳಗಿನ 6ರವರೆಗೆ 45 ಡೆಸಿಬಲ್ ಮಿತಿಯಿದೆ. ಅಳೆಯುವ ಯಂತ್ರ ಹಿಡಿದು ನಮ್ಮ ಓಣಿಗೆ ಯಾರು ಬರುತ್ತಾರೆ ಎಂಬುದು ಬೇರೆ ಮಾತು. ಭಾರತೀಯ ನ್ಯಾಯ ಸಂಹಿತೆಯಲ್ಲಿ ಸಾರ್ವಜನಿಕ ಉಪದ್ರವಕ್ಕೆ ದಂಡವಿದೆ. ಆದರೆ ಅದೇ ಕಾನೂನಿನ ಪುಟಗಳಲ್ಲಿ ನನ್ನ ಕಣ್ಣು ನಿಂತದ್ದು 1960ರ ಪ್ರಾಣಿಹಿಂಸೆ ತಡೆ ಕಾಯ್ದೆಯ 11ನೇ ಕಲಮಿನ ಮೇಲೆ. ಪ್ರಾಣಿಯನ್ನು ಅತಿ ಗಿಡ್ಡ ಸರಪಳಿಯಲ್ಲಿ ಹೊತ್ತುಗಟ್ಟಲೆ ಕಟ್ಟಿಹಾಕುವುದೂ, ಸದಾ ಕಟ್ಟಿದ ನಾಯಿಗೆ ಓಡಾಟ ಮಾಡಿಸದಿರುವುದೂ ಕ್ರೌರ್ಯವೆಂದು ಅದು ಹೇಳುತ್ತದೆ. ಬೆಕ್ಕೊಂದನ್ನು ಕೂಡಿಹಾಕಿ, ಉಣಿಸದೆ, ತಾನೇ ಆಹಾರ ಹುಡುಕಿಕೊಳ್ಳಲೂ ಬಿಡದೆ ಸಾಯಿಸಿದ ಹೆಂಗಸು ಶಿಕ್ಷೆಗೊಳಗಾದಳೆಂದು ಪ್ರವಾದಿ(ಸ) ತಿಳಿಸಿದ ಹದೀಸನ್ನು ನಾನು ಮಕ್ಕಳಿಗೆ ಎಷ್ಟೋ ಸಲ ಪಾಠ ಮಾಡಿದ್ದೇನೆ. ನಮ್ಮ ನೆರೆಯವರು ನಾಯಿಗಳಿಗೆ ಹೊತ್ತು ಹೊತ್ತಿಗೆ ರೊಟ್ಟಿ ಹಾಕುತ್ತಿದ್ದರು, ಅದು ಬೇರೆ. ಕಟ್ಟಿದ್ದು ಮಾತ್ರ ನಿಜ.

ಮುಧೋಳ ತಳಿ ಮೂಗಿಗಿಂತ ಕಣ್ಣಿನಿಂದ ಬೇಟೆಯಾಡುವ ನಾಯಿ. ಚಲಿಸಿದ್ದನ್ನು ಕಂಡರೆ ಅಟ್ಟಿಸಿಕೊಂಡು ಓಡುವುದು ಅದರ ಹುಟ್ಟುಗುಣ. ಬಾಗಲಕೋಟೆ ಜಿಲ್ಲೆಯ ತಿಮ್ಮಾಪುರದಲ್ಲಿ ಬೀದರಿನ ಪಶುವೈದ್ಯಕೀಯ ವಿಶ್ವವಿದ್ಯಾಲಯಕ್ಕೆ ಸೇರಿದ ಶ್ವಾನ ಸಂಶೋಧನಾ ಕೇಂದ್ರವೊಂದು ಈ ತಳಿಗಾಗಿಯೇ ಇದೆ. ಬಯಲಿನಲ್ಲಿ ಓಡಬೇಕಾದ ಪ್ರಾಣಿಯನ್ನು ಜನ ಓಡಾಡುವ ಓಣಿಗೆ ಮುಖಮಾಡಿ ಮೊಳದುದ್ದದ ಸರಪಳಿಯಲ್ಲಿ ಕಟ್ಟಿದರೆ ಅದು ಬೊಗಳದೆ ಇನ್ನೇನು ಮಾಡೀತು? ಗದರಿಸಿದರೆ, ಕಲ್ಲೆಸೆದರೆ, ತಾನು ಶಂಕಿಸಿದ್ದು ಸರಿಯೇ ಎಂದು ಅದಕ್ಕೆ ಖಾತ್ರಿಯಾಗುತ್ತದೆ.

ಮೂರನೆಯ ಸಲಹೆಯನ್ನು ಬರೆಯಲು ಕೈ ಹಿಂಜರಿಯುತ್ತದೆ. ಒಂದು ಸಂಜೆ, ನನ್ನಲ್ಲೇ ಓದಿದ ಹುಡುಗನೊಬ್ಬ ದನಿ ತಗ್ಗಿಸಿ ಹೇಳಿದ: “ಹಜರತ್, ನೀವು ಹೂಂ ಅನ್ನಬ್ಯಾಡ್ರಿ, ಉಹೂಂನೂ ಅನ್ನಬ್ಯಾಡ್ರಿ. ಒಂದ್ ರೊಟ್ಟ್ಯಾಗ ಮುಗದು ಹೋಗ್ತೈತಿ.” ಇಲಿಪಾಷಾಣದ ಮಾತು. ಈ ಕೆಲಸ ಊರೂರುಗಳಲ್ಲಿ ನಡೆಯುತ್ತದೆ, ಯಾರೂ ಒಪ್ಪಿಕೊಳ್ಳುವುದಿಲ್ಲ. ಪ್ರಾಣಿಯನ್ನು ಕೊಂದರೆ ನ್ಯಾಯ ಸಂಹಿತೆಯ 325ನೇ ಕಲಮಿನಂತೆ ಐದು ವರ್ಷದವರೆಗೆ ಸಜೆಯಿದೆ ಎಂದು ಅವನಿಗೆ ಹೇಳಿದೆ. ಅವನ ಮುಖದಲ್ಲಿ ಬದಲಾವಣೆ ಕಾಣಲಿಲ್ಲ. ಬಾಯಾರಿದ ನಾಯಿಗಾಗಿ ಬಾವಿಗಿಳಿದು, ಕಾಲ್ಚೀಲದ ಪಾದರಕ್ಷೆಯಲ್ಲಿ ನೀರು ತುಂಬಿ, ಬಾಯಲ್ಲಿ ಕಚ್ಚಿ ಮೇಲೇರಿದ ಮನುಷ್ಯನನ್ನು ಅಲ್ಲಾಹನು ಕ್ಷಮಿಸಿದ ವೃತ್ತಾಂತವನ್ನು ನೆನಪಿಸಿದೆ. ಅವನಿಗೆ ಅದು ಬಾಯಿಪಾಠವಾಗಿತ್ತು. ಕೊನೆಗೆ ನಾನು ಕೇಳಿದ್ದು ಇಷ್ಟೇ: “ಬೆಳಿಗ್ಗೆ ಆ ಮನೆಯ ಕೂಸು ಎದ್ದು ಸತ್ತ ನಾಯಿಯ ಮುಂದೆ ಕುಳಿತು ಅಳುವಾಗ, ಓಣಿಯ ಜನ ಮೊದಲು ಯಾರ ಬಾಗಿಲು ನೋಡುತ್ತಾರೆ?” ಅವನು ತಲೆ ತಗ್ಗಿಸಿದ. ಆರು ಮನೆಗಳಲ್ಲಿ ನಮ್ಮದೊಂದೇ ಮುಸ್ಲಿಮರ ಮನೆ. ಇಂದಿನ ದಿನಗಳಲ್ಲಿ ಒಂದು ನಾಯಿಯ ಹೆಣದಿಂದ ಒಂದು ಊರಿನ ನೆಮ್ಮದಿ ಹೋಗಲು ಎಷ್ಟು ಹೊತ್ತು ಬೇಕು?

ನಾಲ್ಕನೆಯದು ಎಲ್ಲಕ್ಕಿಂತ ಸುಲಭದ ದಾರಿ. ಮನೆಯ ಮಾಲೀಕರು ತಾವಾಗಿಯೇ ಹೇಳಿಕಳಿಸಿದರು: ನೀವೊಂದು ಮಾತು ಹೇಳಿರಿ, ಮುಂದಿನ ತಿಂಗಳು ಅವರ ಮನೆ ಖಾಲಿ ಮಾಡಿಸುತ್ತೇನೆ. ನಾನು ಬೇಡವೆಂದೆ. ಹೆಸರು ಕೇಳಿದೊಡನೆ ‘ಮನೆ ಈಗಷ್ಟೇ ಹೋಯಿತು’ ಎಂಬ ಉತ್ತರವನ್ನು ನಮ್ಮ ಸಮುದಾಯದ ಎಷ್ಟು ಜನ ಎಷ್ಟು ಊರುಗಳಲ್ಲಿ ಕೇಳಿದ್ದೇವೆ! ಹಾಗೆ ಮನೆ ಸಿಗದೆ ತಿರುಗಿದವರೇ ಇನ್ನೊಬ್ಬರ ಮನೆ ಬಿಡಿಸಲು ಬಾಯಿ ತೆರೆಯುವುದು ಹೇಗೆ?

ನೆರೆಯವನ ಕಾಟದ ಬಗ್ಗೆ ಪ್ರವಾದಿ(ಸ)ಯವರ ಬಳಿ ದೂರು ತಂದವನ ಪ್ರಸಂಗವೊಂದು ಅಬೂದಾವೂದ್‌ನಲ್ಲಿ ವರದಿಯಾಗಿದೆ. ಹೋಗಿ ತಾಳಿಕೋ ಎಂದರು. ಎರಡು ಮೂರು ಬಾರಿ ಬಂದ ಮೇಲೆ, ನಿನ್ನ ಸಾಮಾನುಗಳನ್ನು ಬೀದಿಗೆ ತಂದಿಡು ಎಂದರು. ಹಾದುಹೋಗುವವರು ಕಾರಣ ಕೇಳಿದರು, ವಿಷಯ ತಿಳಿದು ಆ ನೆರೆಯವನನ್ನು ಶಪಿಸಿದರು. ಅವನೇ ಓಡಿಬಂದು, ಒಳಗೆ ಹೋಗು, ಇನ್ನು ತೊಂದರೆ ಕೊಡುವುದಿಲ್ಲ ಎಂದ. ಈ ಹದೀಸನ್ನು ಆಧಾರವಾಗಿಟ್ಟುಕೊಂಡು ನಾಯಿಗಳ ವೀಡಿಯೊ ಮಾಡಿ ವಾಟ್ಸಾಪ್ ಗುಂಪುಗಳಿಗೆ ಬಿಡೋಣವೆಂದು ಒಬ್ಬ ಯುವಕ ಸೂಚಿಸಿದ. ನನ್ನ ಅಭಿಪ್ರಾಯ ಬೇರೆ. ಆ ಮನುಷ್ಯ ಬೀದಿಗೆ ಹಾಕಿದ್ದು ತನ್ನ ಸಾಮಾನನ್ನೇ ಹೊರತು ನೆರೆಯವನ ಮಾನವನ್ನಲ್ಲ. ಅದಕ್ಕೂ ಮುನ್ನ ತಾಳ್ಮೆಯ ಎರಡು ಮೂರು ಸರದಿಗಳು ಮುಗಿದಿದ್ದವು. ಮದೀನಾದ ಆ ಬೀದಿಯಲ್ಲಿ ನೆರೆದ ಜನ ನ್ಯಾಯವನ್ನು ನೋಡಿದರು. ನಮ್ಮ ವಾಟ್ಸಾಪ್‌ನಲ್ಲಿ ನೆರೆಯುವ ಜನ ಮೊದಲು ಹೆಸರುಗಳನ್ನು ನೋಡುತ್ತಾರೆ.

ನನಗೆ ಆ ದಿನಗಳಲ್ಲಿ ಹೆಚ್ಚು ನೆನಪಾದವರು ಇಮಾಮ್ ಅಬೂ ಹನೀಫಾ(ರ). ಕೂಫಾದಲ್ಲಿ ಅವರ ನೆರೆಯಲ್ಲಿ ಒಬ್ಬ ಚಮ್ಮಾರನಿದ್ದ. ಹಗಲೆಲ್ಲ ದುಡಿದು ಇರುಳು ಕುಡಿದು ಹಾಡುತ್ತಿದ್ದ. ಇಮಾಮರು ಇರುಳಿನ ನಮಾಝ್‌ನಲ್ಲಿ ಅದನ್ನು ಕೇಳುತ್ತಿದ್ದರು. ಒಂದು ರಾತ್ರಿ ದನಿ ಕೇಳಲಿಲ್ಲ. ವಿಚಾರಿಸಿದರೆ ಕಾವಲಿನವರು ಹಿಡಿದೊಯ್ದಿದ್ದರು. ಇಮಾಮರು ಫಜ್ರ್ ಮುಗಿಸಿ ನೇರವಾಗಿ ಅಧಿಕಾರಿಯ ಬಳಿ ಹೋಗಿ ಅವನನ್ನು ಬಿಡಿಸಿ ತಂದರು. ಮುಂದೆ ಅವನು ಕುಡಿತ ಬಿಟ್ಟನೆಂದು ಕಥೆ ಮುಗಿಯುತ್ತದೆ. ಪ್ರವಚನಕಾರರು ಆ ಭಾಗಕ್ಕೇ ಧಾವಿಸುತ್ತಾರೆ. ನನಗೆ ಇಷ್ಟವಾಗುವುದು ಅದಕ್ಕಿಂತ ಮುಂಚಿನ ಕ್ಷಣ. ಅಷ್ಟು ದಿನ ಕಾಡಿದ ಸದ್ದು ನಿಂತಾಗ ಅವರು ಹೊದ್ದು ಮಲಗಲಿಲ್ಲ, ನೆರೆಯವನಿಗೆ ಏನಾಯಿತೆಂದು ಕೇಳಿದರು.

ಹಾಗೆಂದು ತಾಳ್ಮೆಯೊಂದೇ ನೆರೆಧರ್ಮ ಎಂದು ಹೇಳುವವರಲ್ಲಿ ನಾನಿಲ್ಲ. ಹಾನಿ ಮಾಡಬಾರದು, ಹಾನಿಗೆ ಪ್ರತಿಹಾನಿಯೂ ಸಲ್ಲದು ಎಂಬುದು ನಮ್ಮ ಫಿಕ್ಹ್‌ನ ಮೂಲಸೂತ್ರ. ಹನಫಿ ಫಿಕ್ಹ್ ಆಧರಿಸಿ 1869ರಿಂದ 1876ರವರೆಗೆ ಉಸ್ಮಾನಿ ಸಾಮ್ರಾಜ್ಯದಲ್ಲಿ ರಚಿತವಾದ ‘ಮಜಲ್ಲ’ ಸಂಹಿತೆಯು ಪಕ್ಕದಲ್ಲಿ ಕಮ್ಮಾರಸಾಲೆ ಅಥವಾ ಗಿರಣಿ ಹಾಕಿ ನೆರೆಯವನ ಮನೆಗೆ ಅತಿಯಾದ ಹಾನಿ ಮಾಡಿದರೆ ಅದನ್ನು ನಿವಾರಿಸಲೇಬೇಕು ಎನ್ನುತ್ತದೆ. ನನ್ನ ತಾಯಿಯ ನಿದ್ದೆಗೂ ಹಕ್ಕಿದೆ. ಹೇಳದೆ ನುಂಗಿಕೊಂಡದ್ದು ಎಷ್ಟೋ ಮನೆಗಳಲ್ಲಿ ಹಗೆಯಾಗಿ ಬೆಳೆದದ್ದನ್ನು ನೋಡಿದ್ದೇನೆ.

ಚಾಲಕರು ಊರಿನಲ್ಲಿದ್ದ ಒಂದು ಭಾನುವಾರ ನಾನೂ ನನ್ನ ಮಡದಿಯೂ ಅವರ ಮನೆಗೆ ಹೋದೆವು. ನಾಯಿಗಳ ಮಾತನ್ನು ನಾವು ಎತ್ತುವ ಮುಂಚೆಯೇ ಆ ಹೆಣ್ಣುಮಗಳು, “ಅಣ್ಣಾ, ಅವ್ವಾರಿಗೆ ನಿದ್ದಿ ಹತ್ತವಲ್ದಂತ ಗೊತ್ತೈತ್ರಿ. ಏನ್ ಮಾಡ್ಲಿ? ಇವರು ವಾರಗಟ್ಲೆ ಲಾರಿ ಮ್ಯಾಲ ಇರ್ತಾರ. ಸಣ್ಣ ಕೂಸು ಕಟಗೊಂಡು ಒಬ್ಬಾಕಿ ಇರ್ತೀನಿ. ನಾಯಿ ಒದರಿದ್ರ ನನಗ ಕಣ್ಣು ಹತ್ತತಾವು” ಎಂದಳು. ಒಂದೇ ಗೋಡೆಯ ಈಚೆ ನಿದ್ದೆ ಕೆಡಿಸುವ ಸದ್ದು ಆಚೆ ನಿದ್ದೆ ತರುತ್ತಿತ್ತು! ಬಾಗಿಲ ಚಿಲಕವನ್ನು ಯಾರೋ ಒಂದು ರಾತ್ರಿ ಅಲುಗಾಡಿಸಿದ್ದರಂತೆ. ಆಗ ತಂದ ನಾಯಿಗಳಿವು. ಮಡದಿ ಅವಳ ಕೈ ಹಿಡಿದು, “ರಾತ್ರಿ ಏನರ ಸಪ್ಪಳಾದ್ರ ಗ್ವಾಡಿ ಬಡಿಯವ್ವಾ, ನಾವ್ ಎದ್ದು ಬರ್ತೀವಿ” ಎಂದಳು. ನಾನು ಆಡಲು ಸಿದ್ಧಪಡಿಸಿಕೊಂಡು ಹೋಗಿದ್ದ ಯಾವ ಮಾತಿಗೂ ಅಷ್ಟು ತೂಕವಿರಲಿಲ್ಲ.

ಆಮೇಲೆ ಚಾಲಕರೊಡನೆ ಸರಪಳಿಯ ಬಗ್ಗೆ, ಓಟದ ಬಗ್ಗೆ ಮಾತಾಯಿತು. ಅವರಿಗೆ ತಮ್ಮ ಮುಧೋಳ ನಾಯಿಯ ಮೇಲೆ ಬಹಳ ಅಭಿಮಾನ. ಬಿ.ಎ. ತರಗತಿಯಲ್ಲಿ ಓದಿದ ಆತಕೂರು ಶಾಸನದ ಕಥೆ ಹೇಳಿದೆ. ಸುಮಾರು 950ರ ಕಾಲದ ಆ ಕಲ್ಲು ಮಂಡ್ಯ ಜಿಲ್ಲೆಯ ಆತಕೂರಿನಲ್ಲಿ ಸಿಕ್ಕದ್ದು. ಯುದ್ಧದಲ್ಲಿ ಮೆರೆದ ಮಣಲೆರನೆಂಬ ವೀರ, ಬೇಕಾದ್ದನ್ನು ಕೇಳು ಎಂದ ಗಂಗ ದೊರೆ ಬೂತುಗನಿಂದ ಕಾಳಿ ಎಂಬ ನಾಯಿಯನ್ನು ಪಡೆದ. ಅದು ಕಾಡುಹಂದಿಯೊಡನೆ ಕಾದಿ, ಹಂದಿಯನ್ನು ಕೊಂದು ತಾನೂ ಸತ್ತಿತು. ಅದರ ನೆನಪಿಗೆ ಕಲ್ಲು ನಿಲ್ಲಿಸಿ ಭೂಮಿ ಬಿಟ್ಟರು. “ಕಂಬಕ್ಕ ಕಟ್ಟಿದ್ರ ಕಾಳಿ ಹಂದಿ ಹಿಡೀತಿತ್ತೇನ್ರಿ?” ಎಂದು ಅವರೇ ನಕ್ಕರು.

ನಾಯಿಗಳು ಈಗ ಹಿತ್ತಲಲ್ಲಿವೆ. ಸರಪಳಿಯ ಬದಲು ಉದ್ದನೆಯ ಹಗ್ಗ, ಓಣಿಯ ಕಡೆಗೆ ತಗಡಿನ ಮರೆ. ತಗಡಿನ ಅರ್ಧ ಖರ್ಚನ್ನು ಮಾಲೀಕರು ಕೊಟ್ಟರು. ಅಸ್ರ್ ಕಳೆದ ಮೇಲೆ ಚಾಲಕರ ತಮ್ಮ ಎರಡನ್ನೂ ಕಾಲುವೆಯ ಕಡೆ ಓಡಿಸಿ ತರುತ್ತಾನೆ. ರೇಬೀಸ್ ಲಸಿಕೆಯೂ ಆಯಿತು. ಊರನಾಯಿ ರಾತ್ರಿ ಪಡಸಾಲೆಯಲ್ಲಿ, ಆ ಹೆಣ್ಣುಮಗಳ ಬಾಗಿಲ ಒಳಬದಿಗೆ ಮಲಗುತ್ತದೆ. ಬೊಗಳುವುದು ನಿಂತಿಲ್ಲ; ಮೂರು ಪಾಲಿನಲ್ಲಿ ಎರಡು ಪಾಲು ಇಳಿದಿದೆ. ತಾಯಿ ಈಗಲೂ ಎಣಿಸುತ್ತಾರೆ, ಆದರೆ ಹತ್ತರ ಒಳಗೇ ನಿದ್ದೆ ಹೋಗುತ್ತಾರೆ.

ಬೇಸಿಗೆ ಕಾಲಿಟ್ಟಿದೆ. ನಮ್ಮ ಕಡೆ ಬಿಸಿಲು ನಲವತ್ತು ಡಿಗ್ರಿ ದಾಟಿದರೆ ಮಾಳಿಗೆ ಹತ್ತಿ ಮಲಗುವುದು ರೂಢಿ. ಮೊದಲ ರಾತ್ರಿಯೇ ಗೊತ್ತಾಯಿತು, ಮೇಲಿನಿಂದ ಹಿತ್ತಲು ಕಾಣುತ್ತದೆ. ಹಿತ್ತಲಿನಿಂದ ನಾಯಿಗಳಿಗೆ ನಾವೂ ಕಾಣುತ್ತೇವೆ. ಇನ್ನೆರಡು ತಗಡು ಬೇಕಾದಾವೆಂದು ಚಾಲಕರು ನಿನ್ನೆ ಅಳತೆ ತೆಗೆದುಕೊಂಡು ಹೋಗಿದ್ದಾರೆ.