ಎದುರುಗಾಳಿಯ ಪಾಳಿ

ಬೆಳಗಿನ ಜಾವ ಐದೂಕಾಲು. ಆಂಧ್ರದ ಕಲ್ಯಾಣದುರ್ಗದಲ್ಲಿ ಒಂದೇ ಒಂದು ಟೀ ಅಂಗಡಿಯ ಸ್ಟೋವ್ ಬುಸುಗುಡುತ್ತಿದೆ. ಅದರ ಮುಂದೆ ನಿಂತು ನೀವು ಸೈಕಲ್ಲಿನ ಹಿಂದಿನ ಟಯರನ್ನು ಹೆಬ್ಬೆರಳಿನಿಂದ ಒತ್ತುತ್ತೀರಿ. ಗಾಳಿ ಸರಿಯಾಗಿಯೇ ಇದೆ. ಆದರೂ ಮತ್ತೊಮ್ಮೆ ಒತ್ತುತ್ತೀರಿ, ಕೈಗೇನಾದರೂ ಕೆಲಸ ಬೇಕಲ್ಲ. ಗುಂಪಿನ ಜೊತೆ ಹೊರಟಿರುವುದು ಇದೇ ಮೊದಲು.

ಒಬ್ಬೊಬ್ಬರಾಗಿ ಬರುತ್ತಾರೆ. ಹೈಸ್ಕೂಲಿನ ಪಿ.ಟಿ. ಮೇಡಂ, ಚೂಡಿದಾರದ ಮೇಲೆ ಹೊಳೆಯುವ ಜಾಕೀಟು. ಮೆಡಿಕಲ್ ಅಂಗಡಿಯ ಅಣ್ಣ. ಬೆಂಗಳೂರಿನಿಂದ ವರ್ಗವಾಗಿ ಬಂದ ಬ್ಯಾಂಕಿನ ಹುಡುಗ, ಎರಡು ಬೆರಳಲ್ಲಿ ಎತ್ತಬಹುದಾದ ಕಾರ್ಬನ್ ಸೈಕಲ್ಲಿನ ಜೊತೆ. ಕೊನೆಗೆ, ಚೈನ್ ಕವರಿನ ಕಿಟಕಿಟ ಸದ್ದು ಮೊದಲು, ಆಮೇಲೆ ಮನುಷ್ಯ: ಪೋಸ್ಟ್‌ಮ್ಯಾನ್ ಆಗಿ ನಿವೃತ್ತರಾದ ತಾತ, ಅದೇ ಹಳೇ ಕರಿ ಅಟ್ಲಾಸ್. ಆ ಕಂಪನಿಯ ಕೊನೆಯ ಕಾರ್ಖಾನೆ ಬಾಗಿಲು ಹಾಕಿದ್ದು 2020ರ ಜೂನ್ 3ರಂದು, ವಿಶ್ವ ಸೈಕಲ್ ದಿನವೇ. ತಾತನಿಗೆ ಇದನ್ನು ಯಾರೋ ಹೇಳಿದ್ದಾರೆ. ಅವರು ನಂಬಿದಂತಿಲ್ಲ.

"ಪಂಪು ಯಾರತ್ರ ಐತೆ?" ಮೇಡಂ ಕೇಳುತ್ತಾರೆ.

"ನನ್ತಾವ ಐತೆ ಮೇಡಂ," ಅನ್ನುತ್ತಾರೆ ಮೆಡಿಕಲ್ ಅಣ್ಣ.

ಇಂಥ ಗುಂಪಿಗೆ ನೋಂದಣಿ ಇಲ್ಲ, ಬೋರ್ಡಿಲ್ಲ, ಹಾರ ಹಾಕಿಸಿಕೊಳ್ಳುವ ಅಧ್ಯಕ್ಷರೂ ಇಲ್ಲ. ಶನಿವಾರ ರಾತ್ರಿ ವಾಟ್ಸಾಪಿನಲ್ಲಿ ಒಂದು ಮೆಸೇಜು, ಅಷ್ಟೆ. ಕಾನೂನು ಮಾತ್ರ ಇದೆ. ಲೈಟಿಲ್ಲದವರು ಬರಕೂಡದು. ಹೋಗುವಾಗ ಮೇಡಂನ ದಾಟಕೂಡದು, ಬರುವಾಗ ಮೇಡಂ ಹಿಂದೆ ಇರುತ್ತಾರೆ. ಗುಂಪು ಒಡೆದವರು ಎಲ್ಲರ ಬಜ್ಜಿ ದುಡ್ಡು ಕೊಡಬೇಕು.

ಹೊರಡುತ್ತೀರಿ. ಬೆಳುಗುಪ್ಪಕ್ಕೆ ಸುಮಾರು 20 ಕಿಲೋಮೀಟರ್, ಅಲ್ಲಿಂದ ಜೀಡಿಪಲ್ಲಿ ಜಲಾಶಯ, ವಾಪಸು ಬೆಳುಗುಪ್ಪದಲ್ಲಿ ಉಗ್ಗಾಣಿ. ಊರಿನ ಕೊನೆಯ ದೀಪ ಹಿಂದಾದ ಕೂಡಲೇ ಕತ್ತಲು ಮುಖಕ್ಕೇ ಬಂದು ತಾಕುತ್ತದೆ. ನಿಮ್ಮ ಲೈಟಿನ ಬೆಳಕಲ್ಲಿ ಕಾಣುವುದು ಮುಂದಿನ ಸೈಕಲ್ಲಿನ ಚಕ್ರ, ಒಂದು ಮೊಳದ ಡಾಂಬರು, ಬೆಳಕಿನೊಳಗೆ ಬಂದು ಬಿದ್ದು ಹೋಗುವ ಹುಳಗಳು. ಆಷಾಢ. ಬಿತ್ತನೆಗೆ ಹದ ಮಾಡಿಟ್ಟ ಹೊಲದ ಮಣ್ಣಿನ ವಾಸನೆ, ಎಲ್ಲೋ ಸಗಣಿ, ಎಲ್ಲೋ ಒಲೆಯ ಹೊಗೆ. ಮುಂದಿನವರು "ಗುಂಡಿ!" ಅನ್ನುತ್ತಾರೆ, ನೀವು ಹಿಂದಿನವರಿಗೆ "ಗುಂಡಿ!" ಅನ್ನುತ್ತೀರಿ. ಯಾರೂ ಕಲಿಸದೆ ಕಲಿತ ಮೊದಲ ಪಾಠ ಇದು: ಬಂದ ಮಾತನ್ನು ಹಿಂದಕ್ಕೆ ದಾಟಿಸಬೇಕು.

"ಕುಕ್ಕ! ಕುಕ್ಕ!"

ಹೆದರಿದಾಗ ಮೆಡಿಕಲ್ ಅಣ್ಣನಿಗೆ ಬರುವುದು ತೆಲುಗು. ಎಡಗಡೆ ಹಟ್ಟಿಯಿಂದ ಒಂದು ನಾಯಿ, ಅದರ ಹಿಂದೆ ಇನ್ನೆರಡು. ಉಗುರು ಡಾಂಬರಿಗೆ ಕೆರೆಯುವ ಸದ್ದು ನಿಮ್ಮ ಪಕ್ಕದಲ್ಲೇ ಇದೆ. ಮೀನಖಂಡ ತನ್ನಷ್ಟಕ್ಕೆ ಬಿಗಿಯುತ್ತದೆ. ಬಲಕ್ಕೆ ತಿರುಗಿಸೋಣವೇ? ಬಲಕ್ಕೆ ಬ್ಯಾಂಕಿನ ಹುಡುಗನಿದ್ದಾನೆ. ಜೋರಾಗಿ ತುಳಿಯೋಣವೇ? ಮುಂದೆ ಮೇಡಂ. ಕಾಲು ಎತ್ತಿ ಹಿಡಿಯೋಣವೇ? ಬೀಳುತ್ತೀರಿ. ನಾಯಿಯ ಉಸಿರು ಕಣಕಾಲಿಗೆ ಬೆಚ್ಚಗೆ ತಾಕುತ್ತದೆ.

"ತುಳಿಯೋದು ನಿಲ್ಲಿಸ್ರಿ," ಅನ್ನುತ್ತದೆ ಹಿಂದಿನಿಂದ ಒಂದು ಸ್ವರ, ಕಾಗದ ಕೊಡಲು ಬಂದವರ ಸಮಾಧಾನದಲ್ಲಿ. ತಾತ ಸೈಕಲ್ ಇಳಿದೇ ಬಿಟ್ಟಿದ್ದಾರೆ. "ಹಚಾ! ಹೋಗು ಮನಿಗೆ." ಎಲ್ಲರೂ ನಿಲ್ಲುತ್ತೀರಿ. ನಾಯಿಗಳೂ ನಿಲ್ಲುತ್ತವೆ. ಓಡದ ವಸ್ತುವನ್ನು ಅಟ್ಟಿಸಿಕೊಂಡು ಹೋಗುವುದು ಹೇಗೆಂದು ಅವಕ್ಕೆ ತಿಳಿಯದು. ದೊಡ್ಡದು ಒಮ್ಮೆ ಸೀನಿ, ಮೈ ಕೊಡವಿ, ಹಟ್ಟಿಯ ಕಡೆ ತಿರುಗುತ್ತದೆ. ನಿಮ್ಮ ಎದೆ ಇನ್ನೂ ಹೊಡೆದುಕೊಳ್ಳುತ್ತಿದೆ. ಒಂದು ಊರಿನ ನಾಯಿಗಳನ್ನೆಲ್ಲ ಹೆಸರಿಟ್ಟು ಬಲ್ಲ ಮನುಷ್ಯ ಪೋಸ್ಟ್‌ಮ್ಯಾನ್ ಒಬ್ಬನೇ ಇರಬೇಕು.

ಬೆಳಕು ಹರಿಯುತ್ತದೆ. ಆಗ ಅವು ಕಾಣುತ್ತವೆ. ಮೊದಲು ಒಂದು, ಆಮೇಲೆ ದಿಬ್ಬದ ಮೇಲೆ ಸಾಲು ಸಾಲು: ಬೆಳುಗುಪ್ಪ ಸೀಮೆಯ ಗಾಳಿ ಫ್ಯಾನುಗಳು. ಹತ್ತಿರ ಹೋದಂತೆ ಸದ್ದು ಕಿವಿಗೆ ಬರುತ್ತದೆ, ಹ್ಞೂಫ್, ಹ್ಞೂಫ್, ಹೊಟ್ಟೆಯೊಳಗೆ ತಾಕುವ ಸದ್ದು. ಈ ಯಂತ್ರಗಳು ಸದಾ ಗಾಳಿಗೆ ಮುಖ ಮಾಡಿ ನಿಲ್ಲುತ್ತವೆ. ಗಾಳಿ ತಿರುಗಿದರೆ ತಾವೂ ತಿರುಗುತ್ತವೆ. ಇಲ್ಲಿ ಸೈಕಲ್ ಹೊಡೆಯುವವರು ಮೊಬೈಲ್ ತೆಗೆಯುವ ಮೊದಲು ತಲೆ ಎತ್ತಿ ನೋಡುವುದು ಅದಕ್ಕೇ. ಇವತ್ತು ಎಲ್ಲವೂ ನೈರುತ್ಯಕ್ಕೆ ನೋಡುತ್ತಿವೆ. ಮೇಡಂ ಒಮ್ಮೆ ನೋಡಿ, ಏನೂ ಹೇಳದೆ, ನಾಲಿಗೆ ಲೊಚಗುಟ್ಟುತ್ತಾರೆ.

ಬೆಳುಗುಪ್ಪ ದಾಟಿ ಪೂರ್ವಕ್ಕೆ ತಿರುಗುತ್ತೀರಿ, ಲೋಕ ಮೌನವಾಗುತ್ತದೆ. ಕಿವಿಯಲ್ಲಿ ಗಾಳಿಯ ಸದ್ದಿಲ್ಲ. ಚೈನಿನ ಚುರ್ ಚುರ್, ಟಯರಿನ ಸರಸರ, ಯಾರದೋ ಕೆಮ್ಮು ಕೂಡ ಕೇಳುತ್ತದೆ. ಮೀಟರು 27 ತೋರಿಸುತ್ತಿದೆ, ಕಾಲಿಗೆ ಭಾರವೇ ಇಲ್ಲ. ಇಷ್ಟು ಶಕ್ತಿ ನನ್ನಲ್ಲಿತ್ತೇ ಎಂದು ನಿಮಗೇ ಹೆಮ್ಮೆ. ಬೆನ್ನಿಗೆ ಬಿದ್ದ ಗಾಳಿ ಹೀಗೆಯೇ ಮೋಸ ಮಾಡುವುದು. ಗಾಳಿಯ ವೇಗಕ್ಕೇ ನೀವೂ ಓಡುತ್ತಿರುವಾಗ ಗಾಳಿಯೇ ಇಲ್ಲ ಅನ್ನಿಸುತ್ತದೆ, ಸಾಲದ ಹಣದಲ್ಲಿ ಮದುವೆ ಮಾಡಿದವನಿಗೆ ಆ ಮೂರು ದಿನ ಅನ್ನಿಸಿದಂತೆ.

ಜೀಡಿಪಲ್ಲಿಯ ಕಟ್ಟೆಯ ಮೇಲೆ ಸೈಕಲ್ ಒರಗಿಸಿ ನೀರು ಕುಡಿಯುತ್ತೀರಿ. ಕಣ್ಣ ಮುಂದಿರುವುದು ಕೃಷ್ಣೆಯ ನೀರು. ಶ್ರೀಶೈಲದ ಹಿನ್ನೀರಿನಿಂದ ಪಂಪುಗಳಲ್ಲಿ ಎತ್ತಿ ಎತ್ತಿ, ಹಂದ್ರಿ–ನೀವಾ ಕಾಲುವೆಯಲ್ಲಿ ಇಷ್ಟು ದೂರ ತಂದದ್ದು; ಯೋಜನೆಯ ಮೊದಲ ಹಂತ ಮುಗಿಯುವುದು ಇಲ್ಲೇ. ನಂದಿಬೆಟ್ಟದ ಸೀಮೆಯಲ್ಲಿ ಹುಟ್ಟಿ, ಹಿಂದೂಪುರ, ಕಲ್ಯಾಣದುರ್ಗ ದಾಟಿ ಇದೇ ಬೆಳುಗುಪ್ಪದ ಮಗ್ಗುಲಲ್ಲಿ ಹಾದುಹೋಗುವ ಪೆನ್ನೆ ವರ್ಷದ ಬಹುಪಾಲು ಬರೀ ಮರಳು. ವರ್ಷಕ್ಕೆ 550 ಮಿಲಿಮೀಟರ್ ಆಸುಪಾಸು ಮಳೆ ಬೀಳುವ ಜಿಲ್ಲೆ ಇದು. ಆಷಾಢದ ಮೋಡಗಳು ತಲೆಯ ಮೇಲೆ ಓಡುತ್ತಲೇ ಇವೆ, ಒಂದೂ ನಿಲ್ಲುತ್ತಿಲ್ಲ. ಮಳೆ ತರದ ಗಾಳಿಗೆ ಫ್ಯಾನು ಕಟ್ಟಿದವರು ಜಾಣರೇ ಸರಿ.

ಮೆಡಿಕಲ್ ಅಣ್ಣ ಮತ್ತೆ ತಮ್ಮ ಕನಸಿನ ಮಾತೆತ್ತುತ್ತಾರೆ. ಬೆಂಗಳೂರು ರಾಂಡನರ್ಸ್ ನಡೆಸುವ ಬ್ರೆವೆ ಎಂಬ ದೂರದ ಸವಾರಿ ಒಂದನ್ನು ಮುಗಿಸಬೇಕು: 200 ಕಿಲೋಮೀಟರ್, ಹದಿಮೂರೂವರೆ ಗಂಟೆ. ಅದು ಪಂದ್ಯವಲ್ಲ, ಮೊದಲು ಬಂದವರಿಗೆ ಬಹುಮಾನವಿಲ್ಲ. ಕೇಳುತ್ತ ಕೂತ ಮೇಡಂ ನಗುತ್ತಾರೆ. ಒಟ್ಟಿಗೆ ಹೋಗುವುದೋ ಬೇರೆಬೇರೆಯೋ ಎಂಬ ಜಗಳ ಹಳೆಯದು. 1904ರಲ್ಲಿ ಪ್ಯಾರಿಸ್ಸಿನ ಆಂರಿ ದೆಗ್ರಾಂಜ್, ಅಂದರೆ ಹಿಂದಿನ ವರ್ಷವಷ್ಟೇ ಟೂರ್ ಡಿ ಫ್ರಾನ್ಸ್ ಶುರುಮಾಡಿದ್ದ ಅದೇ ಮನುಷ್ಯ, ಆಡಾಕ್ಸ್ ಸವಾರಿ ಎಂದು ಆರಂಭಿಸಿದ್ದು ಬೇರೆಯದೇ ಬಗೆ: ಎಲ್ಲರೂ ಒಟ್ಟಿಗೆ, ಒಂದೇ ವೇಗ, ಮುಂದೆ ಒಬ್ಬ ನಾಯಕ. 1921ರಲ್ಲಿ ಜಗಳವಾಗಿ, ಅವರವರ ವೇಗಕ್ಕೆ ಅವರವರು ಹೋಗುವ ಪದ್ಧತಿ ಬೇರೆಯಾಯಿತು. ಈಗಿನ ಬ್ರೆವೆಗಳು ಬಂದದ್ದು ಆ ಎರಡನೇ ದಾರಿಯಿಂದ. ಈ ಭಾನುವಾರದ ಗುಂಪಿಗೆ ದೆಗ್ರಾಂಜ್ ಯಾರೆಂದು ಗೊತ್ತಿರಬೇಕಿಲ್ಲ. ಆ ಜಗಳ ಇವರಲ್ಲೂ ಪ್ರತಿ ವಾರ ಇದೆ.

ಹಿಂದಿರುಗಿ ಪಶ್ಚಿಮಕ್ಕೆ ಮುಖ ಮಾಡಿದ ಕ್ಷಣ ಎದೆಗೆ ಯಾರೋ ಅಂಗೈ ಇಟ್ಟಂತಾಗುತ್ತದೆ.

ಮೀಟರು 14. ಕಣ್ಣಲ್ಲಿ ನೀರು, ಬಾಯಲ್ಲಿ ಧೂಳು. ಕಿವಿಯಲ್ಲಿ ನಿಲ್ಲದ ಭೋರ್ಗರೆತ. ಸೈಕಲ್ ಸವಾರನ ವೈರಿ ಏರು ಎಂದು ಹೊರಗಿನವರು ಅಂದುಕೊಳ್ಳುತ್ತಾರೆ. ಏರಿಗೆ ಒಂದು ತುದಿ ಇದೆ, ಕಾಣುತ್ತದೆ. ಗಾಳಿಗೆ ಏನಿದೆ? ಮೇಲಾಗಿ ಮೈಗೆ ಬಡಿಯುವ ಗಾಳಿಯ ವೇಗ ಎರಡರಷ್ಟಾದರೆ ಅದು ಹಿಂದಕ್ಕೆ ನೂಕುವ ಬಲ ನಾಲ್ಕರಷ್ಟಾಗುತ್ತದೆ. ಬಗ್ಗಿ, ಮೊಣಕೈ ಒಳಗೆಳೆದುಕೊಂಡು, ಮುಂದಿನವರ ಚಕ್ರಕ್ಕೆ ಅಂಟಿಕೊಳ್ಳುವುದೊಂದೇ ದಾರಿ. ಅವರ ಬೆನ್ನಿನ ಮರೆಯಲ್ಲಿ ಶ್ರಮದ ಕಾಲು ಭಾಗಕ್ಕೂ ಮಿಕ್ಕಿ ಉಳಿಯುತ್ತದೆ.

ಆದರೆ ಗಾಳಿ ನೇರ ಇಲ್ಲ, ಎಡ ಮುಂದಿನಿಂದ ಓರೆಯಾಗಿ ಬರುತ್ತಿದೆ. ಹಾಗಾಗಿ ಮರೆ ಇರುವುದು ಮುಂದಿನವರ ಹಿಂದೆ ಅಲ್ಲ, ಅವರ ಬಲ ಹಿಂದೆ. ಬ್ಯಾಂಕಿನ ಹುಡುಗ ರಸ್ತೆಯ ಎಡ ಅಂಚಲ್ಲಿ, ಅವನ ಬಲಕ್ಕೆ ಅರ್ಧ ಚಕ್ರ ಹಿಂದೆ ಮೆಡಿಕಲ್ ಅಣ್ಣ, ಅವರ ಬಲಕ್ಕೆ ನೀವು. ತಾತ ಮತ್ತು ಮೇಡಂಗೆ ಉಳಿದದ್ದು ರಸ್ತೆಯ ನಡುಮಧ್ಯ. ನೆಮ್ಮದಿಯ ಜಾಗವೂ ಸಾಯುವ ಜಾಗವೂ ಒಂದೇ. ಅಂಚಿಗೆ ಸರಿದರೆ ಜೀವ ಉಳಿಯುತ್ತದೆ, ಆದರೆ ಗಾಳಿ ನುಂಗುತ್ತದೆ. ಮೇಲಾಗಿ ಅಲ್ಲಿ ಜಾಲಿ ಮುಳ್ಳು.

ಹಿಂದಿನಿಂದ ಗಾಡಿ ಬಂದರೆ ಕೇಳಿಸುವುದಿಲ್ಲ. ಇದು ನಿಮಗೆ ತಡವಾಗಿ ಹೊಳೆಯುತ್ತದೆ. ಎದುರುಗಾಳಿ ಹಿಂದಿನ ಸದ್ದನ್ನು ಮುಂದಕ್ಕೆ ಬಿಡುತ್ತಿಲ್ಲ. ಮತ್ತೆ ಮತ್ತೆ ಹಿಂದೆ ತಿರುಗಿ ನೋಡುತ್ತಿರುವವರು ಮೇಡಂ ಒಬ್ಬರೇ, ಅವರ ಕೂಗು ಕೂಡ ಗಾಳಿಯನ್ನು ಸೀಳಿಕೊಂಡೇ ಬರಬೇಕು.

"...ಡೀ!"

ತಾತ ಅನ್ನುತ್ತಾರೆ, "ಗಾಡಿ!"

ನೀವು ಕೂಗುತ್ತೀರಿ. ಎಡಕ್ಕೆ. ಎಲ್ಲರೂ ಎಡಕ್ಕೆ. ಮುಂದಿನ ಚಕ್ರ ತಾಕೀತು, ಬ್ರೇಕ್ ಹಿಡಿದರೆ ತಾತ ಮೇಲೆ ಬಿದ್ದಾರು, ಹಿಡಿಯಬೇಡಿ, ಹಿಡಿಯಬೇಡಿ. ಡಾಂಬರು ಮುಗಿಯುತ್ತದೆ. ಜಲ್ಲಿ. ಹ್ಯಾಂಡಲ್ಲು ಕೈಯಲ್ಲಿ ನಡುಗುತ್ತದೆ. ಮರಳಿನ ಟಿಪ್ಪರು ಬಲ ಭುಜದ ಪಕ್ಕ ಗೋಡೆಯಾಗಿ ಎದ್ದು ನಿಲ್ಲುತ್ತದೆ, ನಿಮ್ಮನ್ನು ಎಡಕ್ಕೆ ತಳ್ಳುತ್ತದೆ, ದಾಟುತ್ತಿದ್ದಂತೆ ತನ್ನ ಕಡೆಗೇ ಎಳೆದುಕೊಳ್ಳುತ್ತದೆ. ಡೀಸೆಲ್ಲು, ಸುಟ್ಟ ರಬ್ಬರು, ಹಲ್ಲಿನ ನಡುವೆ ಮರಳು. ಹೋಯಿತು.

ಹೋಯಿತು, ಆದರೆ ಸಾಲು ಒಡೆದಿದೆ. ಬ್ಯಾಂಕಿನ ಹುಡುಗನ ರಕ್ತ ಬಿಸಿಯಾಗಿದೆ. ಅವನು ಟಿಪ್ಪರಿನ ಬಾಲ ಹಿಡಿದವನಂತೆ ಜಿಗಿದಿದ್ದಾನೆ, ಮೆಡಿಕಲ್ ಅಣ್ಣ ಅವನ ಚಕ್ರಕ್ಕೆ ಅಂಟಿದ್ದಾರೆ. 20. 22. ನೀವೂ ಹೇಗೋ ಅಂಟಿಕೊಂಡಿದ್ದೀರಿ, ತೊಡೆ ಉರಿಯುತ್ತಿದೆ, ಆದರೂ ಈ ಮರೆ ಎಂಥ ಸುಖ! ಬಗಲಡಿಯಿಂದ ಹಿಂದೆ ನೋಡುತ್ತೀರಿ. ಅಟ್ಲಾಸಿನ ಮೇಲೆ ನೆಟ್ಟಗೆ ಕೂತ ತಾತ, ಎದೆ ತುಂಬ ಗಾಳಿ, ಹತ್ತು ಮಾರು ಹಿಂದೆ. ಈಗ ಹದಿನೈದು. ಅವರ ಮುಂದೆ ಮೇಡಂ ಬಂದಿದ್ದಾರೆ, ತಲೆ ತಗ್ಗಿಸಿ.

ಈ ಚಕ್ರ ಬಿಟ್ಟರೆ ಮತ್ತೆ ಸಿಗುವುದಿಲ್ಲ. ಎದುರುಗಾಳಿಯಲ್ಲಿ ಒಂದು ಮಾರು ಅಂತರ ಬಿತ್ತೆಂದರೆ ಒಬ್ಬಂಟಿ ಅದನ್ನು ಮುಚ್ಚಲಾರ. ಬಿಡದಿದ್ದರೆ ಊರು ಇನ್ನೇನು, ಕೂತು ಬೆವರು ಒರೆಸಿಕೊಳ್ಳಬಹುದು. ಹೊಸಬರು ಗಟ್ಟಿ ಅನ್ನಿಸಿಕೊಳ್ಳಬಹುದು. ನಿರ್ಧಾರ ಮಾಡುವವರು ನೀವು, ಆದರೆ ಮೊದಲು ನಿಂತದ್ದು ಕಾಲು. ಒಂದು ಸುತ್ತು ತುಳಿಯಲಿಲ್ಲ. ಅಷ್ಟೇ ಸಾಕು. ಮುಂದಿನ ಚಕ್ರ ಮೆಲ್ಲಗೆ, ಯಾವ ಕೋಪವೂ ಇಲ್ಲದೆ, ದೂರ ಸರಿಯುತ್ತದೆ. ಗಾಳಿ ಬಂದು ಮುಖಕ್ಕೆ ಹೊಡೆಯುತ್ತದೆ.

ಮೇಡಂ, ತಾತ ಬಂದು ಕೂಡಿಕೊಳ್ಳುತ್ತಾರೆ. ಶಹಭಾಸ್‌ಗಿರಿ ಏನೂ ಇಲ್ಲ. ಮೇಡಂ ಉಸಿರು ಸೇದುತ್ತ ಕೈ ಮುಂದೆ ಮಾಡುತ್ತಾರೆ: "ಹೋಗ್ರಿ ಮುಂದೆ. ಈಗ ನಿಮ್ಮ ಪಾಳಿ. ಹದಿನಾಕು ದಾಟಬೇಡಿ."

ಹದಿನಾಲ್ಕು. ಮುಂದೆ ಯಾರೂ ಇಲ್ಲ. ಎದುರು ದಿಬ್ಬದ ಮೇಲೆ ಫ್ಯಾನುಗಳು ಬೆನ್ನು ಕೊಟ್ಟು ನಿಂತಿವೆ, ಅವೂ ನೀವೂ ಒಂದೇ ದಿಕ್ಕಿಗೆ ನೋಡುತ್ತಿದ್ದೀರಿ. ಜೋರಾಗಿ ತುಳಿಯುವುದು ಸುಲಭ. ಹಿಂದಿರುವ ಅಟ್ಲಾಸಿನ ಕಿಟಕಿಟ ದೂರವಾಗದಂತೆ ತುಳಿಯುವುದು ಕಷ್ಟ. ಕಿಟಕಿಟ ಕ್ಷೀಣವಾದರೆ ನಿಧಾನಿಸುತ್ತೀರಿ, ಹತ್ತಿರ ಬಂದರೆ ಒಂದಿಷ್ಟು ಒತ್ತುತ್ತೀರಿ. ಸೊಂಟ ಹಿಡಿಯುತ್ತದೆ. ಅಂಗೈ ಜೋಮು. ಮೂಗಿನ ತುದಿಯಿಂದ ಬಿದ್ದ ಬೆವರು ಹಿಂದಕ್ಕೆ ಹಾರಿ ಯಾರ ಮುಖಕ್ಕೋ. ಮೈಲಿಗಲ್ಲು ಬರುತ್ತದೆ, ಮುಂದಿನದು ಬರುವುದೇ ಇಲ್ಲ ಅನ್ನುವಾಗ ಅದೂ ಬರುತ್ತದೆ. ಯಾರೋ ಬಲಗಡೆಯಿಂದ ಮುಂದೆ ಬಂದು ನಿಮ್ಮ ಮುಂದೆ ಅಡ್ಡ ನಿಲ್ಲುತ್ತಾರೆ. ಮೇಡಂ ಅಲ್ಲ. ತಾತ. "ಸ್ವಲ್ಪ ಹೊತ್ತು ನಂದು," ಅನ್ನುತ್ತಾರೆ. ಆ ಅಗಲ ಬೆನ್ನಿನ ಹಿಂದೆ ಗಾಳಿಯೇ ಇಲ್ಲ. ನೆಟ್ಟಗೆ ಕೂತು ಸವಾರಿ ಮಾಡುವವರ ಲಾಭ ಹಿಂದಿನವರಿಗೆ ಅಂತ ಆಗ ಗೊತ್ತಾಗುತ್ತದೆ.

ಬೆಳುಗುಪ್ಪದ ಹೋಟೆಲಿನ ಬೆಂಚು. ಬಾಣಲೆಯಲ್ಲಿ ಕಡಲೆಕಾಯಿ ಎಣ್ಣೆ ಕಾಯುವ ವಾಸನೆಗೆ ಹೊಟ್ಟೆ ಮಗುಚುತ್ತದೆ. ಬ್ಯಾಂಕಿನ ಹುಡುಗ ಆಗಲೇ ಎರಡು ಟೀ ಮುಗಿಸಿದ್ದಾನೆ, ಕಣ್ಣು ತಪ್ಪಿಸುತ್ತಿದ್ದಾನೆ. ಮೇಡಂ ಬಾಯಿ ತೆರೆಯುವ ಮೊದಲೇ ಪರ್ಸು ತೆಗೆದು ಮೇಜಿನ ಮೇಲಿಡುತ್ತಾನೆ.

"ಅಣ್ಣಂದೂ ಅರ್ಧ," ಅನ್ನುತ್ತಾನೆ ಆಮೇಲೆ.

"ನಂದ್ಯಾಕಪ್ಪಾ? ನೀನ್ ಎಳದೆ, ನಾನ್ ಬಂದೆ."

"ಬರೋರಿಲ್ದಿದ್ರೆ ನಾನು ಎಳೀತಿದ್ನಾ?"

ಎಳೆದವನದೋ ಹಿಂಬಾಲಿಸಿದವನದೋ ತಪ್ಪು? ಹೋಟೆಲಿನವರೂ ಜಾಲರಿ ಕೈಯಲ್ಲಿ ಹಿಡಿದು ಪಂಚಾಯ್ತಿಗೆ ಸೇರುತ್ತಾರೆ. ಅರ್ಧ ಕನ್ನಡ, ಅರ್ಧ ತೆಲುಗು. ಮೇಡಂ ಇಬ್ಬರನ್ನೂ ಬೈಯುವುದು ಶುದ್ಧ ಕನ್ನಡದಲ್ಲಿ. ಕಲ್ಯಾಣದುರ್ಗಕ್ಕೆ ಇನ್ನೂ 20 ಕಿಲೋಮೀಟರ್ ಇದೆ, ಗಾಳಿ ಈಗ ಬಲ ಮುಂದಿನಿಂದ ಬರುತ್ತದೆ, ಸಾಲು ತಿರುವುಮುರುವಾಗಬೇಕು, ಮೊದಲ ಪಾಳಿ ಯಾರದೆಂದೂ ತೀರ್ಮಾನವಾಗಬೇಕು. ನಿಮ್ಮ ಕಾಲು ಮೇಜಿನ ಕೆಳಗೆ ಇನ್ನೂ ನಡುಗುತ್ತಿದೆ.

ತಾತ ವಾದಕ್ಕೆ ಕಿವಿ ಕೊಟ್ಟಿಲ್ಲ. ಉಗ್ಗಾಣಿಯ ಕೊನೆಯ ಮಂಡಕ್ಕಿಯನ್ನು ಬೆರಳಲ್ಲಿ ಒತ್ತಿ ಬಾಯಿಗೆ ಹಾಕಿಕೊಂಡು, ಪರ್ಸನ್ನೂ ಬಾಣಲೆಯನ್ನೂ ಒಮ್ಮೆ ನೋಡುತ್ತಾರೆ.

"ಹೆಂಗೂ ಅವರೇ ಕೊಡ್ತಾರಲ್ಲ," ಅನ್ನುತ್ತಾರೆ ಹೋಟೆಲಿನವರಿಗೆ. "ಇನ್ನೊಂದು ಪ್ಲೇಟು ಮೆಣಸಿನಕಾಯಿ ಬಜ್ಜಿ. ದೊಡ್ಡವು ನೋಡಿ ಹಾಕು."