ನಮ್ಮ ಕಾರಿಗೆ ಬೇರೆ ಇಂಜಿನ್ ಹಾಕಿದ ಕಥೆ

ಮಕ್ಕಳೇ, ನೀವು ಬಿದಿರಿನ ಪೆಟ್ಲು ಹೊಡೆದಿದ್ದೀರಾ? ಮಲೆನಾಡಿನ ಮಕ್ಕಳಿಗೆ ಇದು ಗೊತ್ತೇ ಇರುತ್ತದೆ. ಬಿದಿರಿನ ಸಣ್ಣ ಕೊಳವೆಯ ತುದಿಗೆ ಒಂದು ಹಸಿ ಕಾಯಿಯನ್ನು ಬಿಗಿಯಾಗಿ ಸಿಕ್ಕಿಸಬೇಕು. ಹಿಂದಿನಿಂದ ಇನ್ನೊಂದು ಕಾಯಿ ಇಟ್ಟು ಕೋಲಿನಿಂದ ತಳ್ಳಬೇಕು. ನಡುವೆ ಸಿಕ್ಕಿಕೊಂಡ ಗಾಳಿ ಒತ್ತಿಹೋಗಿ, ಮುಂದಿನ ಕಾಯಿಯನ್ನು ‘ಟಪ್’ ಎಂದು ಹಾರಿಸುತ್ತದೆ. ಹಿಂದಿನ ಕಾಯಿ ಕೊಳವೆಗಿಂತ ಸ್ವಲ್ಪ ಸಣ್ಣದಾದರೆ ಏನಾಗುತ್ತದೆ? ಗಾಳಿ ಪಕ್ಕದಿಂದ ಸೋರಿಹೋಗುತ್ತದೆ. ಸದ್ದೂ ಇಲ್ಲ, ಹಾರುವುದೂ ಇಲ್ಲ!

ಕಾರಿನ ಇಂಜಿನ್‌ಗೆ ಮುಪ್ಪು ಬರುವುದೂ ಹೆಚ್ಚುಕಡಿಮೆ ಹೀಗೆಯೇ. ಅದು ನನಗೆ ತಿಳಿದದ್ದು 2007ರ ಬೇಸಿಗೆಯಲ್ಲಿ, ಸಾಗರ ತಾಲ್ಲೂಕಿನ ನಮ್ಮ ಮನೆಯ ಅಡಿಕೆ ಅಂಗಳದಲ್ಲಿ.

ನಮ್ಮಲ್ಲಿ 1994ರ ಒಂದು ಮಾರುತಿ 800 ಕಾರಿತ್ತು. 1983ರ ಡಿಸೆಂಬರ್‌ನಲ್ಲಿ ಮೊದಲು ರಸ್ತೆಗಿಳಿದು, 2014ರವರೆಗೆ ತಯಾರಾದ ಪುಟ್ಟ ಕಾರು ಅದು. ನಮ್ಮದು ಆಗಲೇ ಸುಮಾರು ಎರಡು ಲಕ್ಷ ಕಿಲೋಮೀಟರ್ ಓಡಿತ್ತು. ನಮ್ಮೂರಿಂದ ಪೇಟೆಯ ಆಸ್ಪತ್ರೆ 22 ಕಿಲೋಮೀಟರ್ ದೂರ. ನಡುವೆ ಒಂದು ದೊಡ್ಡ ಏರು. ದಿನಕ್ಕೆ ಎರಡೇ ಬಸ್ಸು. 108 ಆಂಬುಲೆನ್ಸ್ ಸೇವೆ ನಮ್ಮ ರಾಜ್ಯದಲ್ಲಿ ಶುರುವಾದದ್ದು 2008ರಲ್ಲಿ. ಅದಕ್ಕೂ ಮೊದಲು ರಾತ್ರಿ ಹೊತ್ತು ಯಾರಿಗೆ ಹುಷಾರು ತಪ್ಪಿದರೂ ನಮ್ಮ ಮನೆಯ ಬಾಗಿಲು ಬಡಿಯುತ್ತಿದ್ದರು. ಅಪ್ಪ ಶಾಲು ಹೊದ್ದುಕೊಂಡೇ ಕಾರು ಹತ್ತುತ್ತಿದ್ದರು.

ಆ ವರ್ಷ ಕಾರು ಏರು ಹತ್ತಲು ತಿಣುಕತೊಡಗಿತು. ನಾಲ್ಕು ಜನ ಕೂತರೆ ಒಂದನೇ ಗೇರಿನಲ್ಲೂ ಏದುಸಿರು ಬಿಡುತ್ತಿತ್ತು. ಹಿಂದಿನಿಂದ ನೀಲಿ ಹೊಗೆ ಬರುತ್ತಿತ್ತು. ಪಕ್ಕದ ಮನೆಯ ಅಕ್ಕನಿಗೆ ಆಗ ಏಳು ತಿಂಗಳು. ಹೆರಿಗೆ ಮಳೆಗಾಲದಲ್ಲಿ. ಈ ಕಾರನ್ನು ನಂಬಬಹುದೇ ಎಂಬುದು ಎರಡೂ ಮನೆಯವರ ಚಿಂತೆಯಾಗಿತ್ತು.

ನನ್ನ ಭಾವ ಮೆಕ್ಯಾನಿಕ್. ಬಂದವರೇ ಸ್ಪಾನರ್ ಹಿಡಿಯಲಿಲ್ಲ. “ಮೊದಲು ಅಳೆಯೋಣ ಮಾವ, ಬಿಚ್ಚುವುದು ಆಮೇಲೆ” ಎಂದು ಅಪ್ಪನಿಗೆ ಹೇಳಿದರು.

ಏನನ್ನು ಅಳೆಯುವುದು? ಅದಕ್ಕೆ ಇಂಜಿನ್ನಿನ ಒಳಗೆ ಒಮ್ಮೆ ಇಣುಕೋಣ. ಈ ಕಾರಿನ ಇಂಜಿನ್ನಿನಲ್ಲಿ ಮೂರು ಸಿಲಿಂಡರ್‌ಗಳಿವೆ. ಒಂದೊಂದರಲ್ಲೂ ಒಂದು ಪಿಸ್ಟನ್ ಮೇಲೆ ಕೆಳಗೆ ಓಡಾಡುತ್ತದೆ. ಅದರ ಕೆಲಸ ನಾಲ್ಕು ಹಂತದ್ದು. ಕೆಳಗೆ ಇಳಿಯುತ್ತಾ ಪೆಟ್ರೋಲ್ ಬೆರೆತ ಗಾಳಿಯನ್ನು ಹೀರುತ್ತದೆ. ಮೇಲೆ ಬಂದು ಅದನ್ನು ಒತ್ತುತ್ತದೆ. ಆಗ ಸ್ಪಾರ್ಕ್ ಪ್ಲಗ್ ಕಿಡಿ ಹಾರಿಸುತ್ತದೆ. ಉರಿದ ಅನಿಲ ಹಿಗ್ಗಿ ಪಿಸ್ಟನ್ ಅನ್ನು ಕೆಳಕ್ಕೆ ದೂಡುತ್ತದೆ. ಮತ್ತೆ ಮೇಲೆ ಬರುವಾಗ ಅದು ಹೊಗೆಯನ್ನು ಹೊರಕ್ಕೆ ತಳ್ಳುತ್ತದೆ. ಕಾರಿಗೆ ಶಕ್ತಿ ಸಿಗುವುದು ಮೂರನೆಯ ಹಂತದಲ್ಲಿ ಮಾತ್ರ. ಆದರೆ ಎರಡನೆಯ ಹಂತದಲ್ಲಿ ಚೆನ್ನಾಗಿ ಒತ್ತದಿದ್ದರೆ ಮೂರನೆಯದರಲ್ಲಿ ಬಲವೇ ಇರುವುದಿಲ್ಲ.

ಪಿಸ್ಟನ್ನಿನ ಸುತ್ತ ಉಕ್ಕು ಅಥವಾ ಎರಕದ ಕಬ್ಬಿಣದ ತೆಳು ರಿಂಗುಗಳಿರುತ್ತವೆ. ಅನಿಲ ಕೆಳಗೆ ಸೋರದಂತೆ, ಎಣ್ಣೆ ಮೇಲೆ ಹೋಗದಂತೆ ತಡೆಯುವುದು ಇವೇ. ಈಗ ಒಂದು ಲೆಕ್ಕ ಮಾಡಿ. ಇಂಜಿನ್ ನಿಮಿಷಕ್ಕೆ 3,000 ಸುತ್ತು ತಿರುಗಿದರೆ ಪಿಸ್ಟನ್ 3,000 ಸಲ ಮೇಲಕ್ಕೆ, 3,000 ಸಲ ಕೆಳಕ್ಕೆ ಹೋಗುತ್ತದೆ. ಒಂದು ಸಲದ ದೂರ 72 ಮಿಲಿಮೀಟರ್. ಒಟ್ಟು ನಿಮಿಷಕ್ಕೆ 432 ಮೀಟರ್. ಗಂಟೆಗೆ ಸುಮಾರು 26 ಕಿಲೋಮೀಟರ್! ಕಾರಿನ ಚಕ್ರ ಮಾತ್ರವಲ್ಲ, ಪಿಸ್ಟನ್ನೂ ಗೋಡೆ ಉಜ್ಜುತ್ತಾ ಊರೂರು ಸುತ್ತಿದಷ್ಟು ದೂರ ಓಡುತ್ತದೆ. ಎಣ್ಣೆಯ ತೆಳು ಪದರ ಕಾಪಾಡುತ್ತಿದ್ದರೂ ವರ್ಷಗಳು ಉರುಳಿದಂತೆ ಲೋಹ ಸವೆಯುತ್ತದೆ. ಗೋಡೆ ಒಂದು ತಲೆಗೂದಲ ದಪ್ಪದಷ್ಟು ಸವೆದರೂ ಸಾಕು, ಸೋರಿಕೆ ಶುರು.

ಭಾವ ಒಂದೊಂದೇ ಪ್ಲಗ್ ಬಿಚ್ಚಿ, ಆ ತೂತಿಗೆ ಒತ್ತಡಮಾಪಕ ಸಿಕ್ಕಿಸಿ, ಸ್ಟಾರ್ಟರ್‌ನಿಂದ ಇಂಜಿನ್ ತಿರುಗಿಸಿದರು. ಇಂಥ ಇಂಜಿನ್ ಗಟ್ಟಿಯಾಗಿದ್ದರೆ ಮುಳ್ಳು ಚದರ ಸೆಂಟಿಮೀಟರಿಗೆ ಸುಮಾರು 12 ಕಿಲೋಗ್ರಾಂ ತೋರಿಸಬೇಕು. ನಮ್ಮದು ತೋರಿಸಿದ್ದು 9, 6 ಮತ್ತು 8.

ಒತ್ತಡ ಕಡಿಮೆ ಎಂದು ತಿಳಿಯಿತು. ಆದರೆ ಸೋರಿಕೆ ಎಲ್ಲಿ? ಕೆಳಗೆ ರಿಂಗಿನ ಪಕ್ಕದಲ್ಲೋ, ಮೇಲೆ ಕವಾಟದಲ್ಲೋ? ಅದಕ್ಕೊಂದು ಸೊಗಸಾದ ಉಪಾಯವಿದೆ. ಭಾವ ಸಿಲಿಂಡರ್‌ನೊಳಕ್ಕೆ ಒಂದು ಚಮಚ ಇಂಜಿನ್ ಎಣ್ಣೆ ಬಿಟ್ಟು ಮತ್ತೆ ಅಳೆದರು. 6 ಇದ್ದದ್ದು 10ಕ್ಕೆ ಏರಿತು! ಏಕೆ ಗೊತ್ತೇ? ಎಣ್ಣೆ ಪಿಸ್ಟನ್ನಿನ ಮೇಲೆ ಹರಡಿ, ರಿಂಗಿನ ಸಂದನ್ನು ಸ್ವಲ್ಪ ಹೊತ್ತು ಮುಚ್ಚುತ್ತದೆ. ಮೇಲಿರುವ ಕವಾಟದ ಸಂದು ಅದರಿಂದ ಮುಚ್ಚುವುದಿಲ್ಲ. ಹಾಗಾಗಿ ಸೋರಿಕೆ ಇದ್ದದ್ದು ರಿಂಗಿನ ಬಳಿ. ನೀಲಿ ಹೊಗೆಯೂ ಅದನ್ನೇ ಹೇಳುತ್ತಿತ್ತು. ಎಣ್ಣೆ ಮೇಲೆ ನುಸುಳಿ ಉರಿದರೆ ಹೊಗೆ ನೀಲಿಯಾಗಿ ಕಾಣುತ್ತದೆ. ಪೆಟ್ರೋಲ್ ಹೆಚ್ಚಾಗಿ ಸರಿಯಾಗಿ ಉರಿಯದಿದ್ದರೆ ಹೊಗೆ ಕಪ್ಪು.

ಇಂಜಿನ್ನಿನ ಬುಡದಿಂದ ಬೇರಿಂಗ್ ಬಡಿಯುವ ಸದ್ದೂ ಕೇಳುತ್ತಿತ್ತು. ಎಲ್ಲವನ್ನೂ ರಿಪೇರಿ ಮಾಡಿಸಲು ಶಿವಮೊಗ್ಗದ ಲೇತ್ ಅಂಗಡಿಯಲ್ಲಿ ಎಷ್ಟೋ ದಿನ ಕಾಯಬೇಕಿತ್ತು. ಮಳೆಗೆ ಒಂದೇ ತಿಂಗಳು. ಆದ್ದರಿಂದ ಬೇರೆ ಇಂಜಿನ್ ಹಾಕುವುದೆಂದು ತೀರ್ಮಾನವಾಯಿತು. ಹಿಂದಿನಿಂದ ಗುದ್ದಿಸಿಕೊಂಡು ಗುಜರಿ ಸೇರಿದ್ದ ಅದೇ ಬಗೆಯ ಕಾರಿನ ಇಂಜಿನ್ ಸಿಕ್ಕಿತು. ಭಾವ ಅದರ ಒತ್ತಡವನ್ನೂ ಅಳೆದೇ ಹಣ ಕೊಡಿಸಿದರು: 12, 12, ಹನ್ನೊಂದೂವರೆ. ಪ್ರತಿ ಇಂಜಿನ್ನಿನ ಮೈಮೇಲೂ ಒಂದು ನಂಬರ್ ಕೆತ್ತಿರುತ್ತದೆ. ಬಿಲ್ಲು ತೆಗೆದುಕೊಂಡು, ಹೊಸ ನಂಬರನ್ನು ಆರ್.ಟಿ.ಓ. ಕಚೇರಿಯಲ್ಲಿ ಆರ್.ಸಿ.ಗೆ ಸೇರಿಸಬೇಕು. ಕದ್ದ ಇಂಜಿನ್ ಅಲ್ಲ ಎಂಬುದಕ್ಕೆ ಅದೇ ಸಾಕ್ಷಿ.

ಅಂಗಳದ ಕೆಲಸ ಮೂರು ದಿನ ನಡೆಯಿತು. ಮೊದಲು ಬ್ಯಾಟರಿಯ ತಂತಿ ಕಳಚಿದರು. ತಣ್ಣಗಾದ ಮೇಲೆ ರೇಡಿಯೇಟರ್ ನೀರು, ಎಣ್ಣೆ ಬಸಿದರು. ಕೂಲೆಂಟ್ ಬೆರೆತ ಆ ನೀರು ಸಿಹಿಯಾಗಿರುತ್ತದೆ, ಆದರೆ ವಿಷ. ನಾಯಿ ನೆಕ್ಕದಂತೆ ಮುಚ್ಚಿಟ್ಟೆವು. ಹಳೆ ಎಣ್ಣೆಯನ್ನು ತೋಟಕ್ಕೆ ಚೆಲ್ಲಲಿಲ್ಲ. ಕ್ಯಾನಿನಲ್ಲಿ ತುಂಬಿ, ಹಳೆ ಎಣ್ಣೆ ಕೊಳ್ಳುವವರಿಗೆ ಕೊಟ್ಟೆವು. ಬಿಚ್ಚಿದ ಪ್ರತಿ ತಂತಿಗೂ ನಾನು ಚೀಟಿ ಕಟ್ಟಿದೆ. ಬೋಲ್ಟುಗಳನ್ನು ತೆಂಗಿನ ಕರಟಗಳಲ್ಲಿ ಬೇರೆ ಬೇರೆ ಹಾಕಿ, ಯಾವುದು ಎಲ್ಲಿಯದು ಎಂದು ನೋಟ್‌ಬುಕ್ಕಿನಲ್ಲಿ ಚಿತ್ರ ಬರೆದೆ.

ಇಂಜಿನ್ ಎತ್ತಲು ಚೈನ್ ಬ್ಲಾಕ್ ಬಂತು. “ಮಾವಿನ ಕೊಂಬೆಗೆ ಕಟ್ಟಿದರಾಯಿತು” ಎಂದರು ಅಪ್ಪ. ಭಾವ ಒಪ್ಪಲಿಲ್ಲ. “ಕೊಂಬೆ ಒಳಗೆ ಟೊಳ್ಳಾಗಿದೆಯೋ ಇಲ್ಲವೋ ಹೊರಗಿನಿಂದ ಹೇಗೆ ಗೊತ್ತಾಗುತ್ತೆ ಮಾವ?” ಎಂದು ಕಬ್ಬಿಣದ ಮುಕ್ಕಾಲಿ ತರಿಸಿದರು. ಎತ್ತುವಾಗ ಅದರ ಕೆಳಗೆ ಯಾರೂ ಕೈ ಕಾಲು ಇಡುವಂತಿರಲಿಲ್ಲ. ಸರಪಳಿಯನ್ನು ಹಲವು ಮಾರು ಎಳೆದರೆ ಇಂಜಿನ್ ಏರುವುದು ಒಂದು ಗೇಣು. ಆದರೆ ಅಷ್ಟು ಭಾರವನ್ನು ನಾನೊಬ್ಬನೇ ಎತ್ತಿದೆ! ಹೆಚ್ಚು ದೂರ ಎಳೆದು ಕಡಿಮೆ ಬಲದಲ್ಲಿ ಕೆಲಸ ಮಾಡಿಸಿಕೊಳ್ಳುವುದೇ ಸರಳ ಯಂತ್ರಗಳ ಗುಟ್ಟು.

ಒಳಗಿಡುವ ಮೊದಲು ಕ್ಲಚ್ ಪ್ಲೇಟ್ ಮತ್ತು ಟೈಮಿಂಗ್ ಬೆಲ್ಟ್ ಹೊಸದು ಹಾಕಿದರು. ಪಿಸ್ಟನ್‌ಗಳನ್ನು ಆಡಿಸುವ ದಂಡ ಎರಡು ಸುತ್ತು ತಿರುಗಿದರೆ ಕವಾಟ ತೆರೆಯುವ ದಂಡ ಒಂದೇ ಸುತ್ತು ತಿರುಗಬೇಕು. ಭಾಗವತರ ಪದಕ್ಕೂ ಮದ್ದಳೆಗೂ ಇರುವಂಥ ಹೊಂದಾಣಿಕೆ ಇದು. ಗುರುತಿಗೆ ಗುರುತು ಹೊಂದಿಸಿ, ಕೈಯಿಂದಲೇ ಎರಡು ಸುತ್ತು ತಿರುಗಿಸಿ ಮತ್ತೆ ನೋಡಿದರು. ಗುರುತುಗಳು ಸರಿಯಾಗಿ ಎದುರುಬದುರು ಬಂದವು.

ಮೂರನೆಯ ಸಂಜೆ ಮೊದಲು ಕಿಡಿಯಿಲ್ಲದೆ ಇಂಜಿನ್ ತಿರುಗಿಸಿದರು. ಎಣ್ಣೆ ಎಲ್ಲೆಡೆ ಹರಿದು, ಕೆಂಪು ದೀಪ ಆರಿದ ಮೇಲೆ ಸ್ಟಾರ್ಟ್ ಮಾಡಿದರು. ಗುರ್ ಎಂದಿತು. ಹೊಗೆ ನೀಲಿಯಿರಲಿಲ್ಲ. ನಾಲ್ಕು ಜನ ಕೂತು ಏರು ಹತ್ತಿದೆವು, ಎರಡನೇ ಗೇರಿನಲ್ಲಿ. ಅಷ್ಟಕ್ಕೇ ಭಾವ ತೃಪ್ತರಾಗಲಿಲ್ಲ. “ಒಂದು ತಿಂಗಳು ದಿನಾ ಎಣ್ಣೆ ಮಟ್ಟ ನೋಡಿ ಬರೆದಿಡು” ಎಂದರು. ಬರೆದೆ. ಗೆರೆ ಇಳಿಯಲಿಲ್ಲ. ಜುಲೈ ತಿಂಗಳ ಒಂದು ರಾತ್ರಿ, ಸುರಿಯುವ ಮಳೆಯಲ್ಲಿ ಪಕ್ಕದ ಮನೆಯ ಅಕ್ಕ ಅದೇ ಕಾರಿನಲ್ಲಿ ಆಸ್ಪತ್ರೆ ತಲುಪಿದಳು. ಹೆಣ್ಣು ಮಗು.

ಭಾರದ ಯಂತ್ರಗಳನ್ನು ಬಿಚ್ಚುವುದು ದೊಡ್ಡವರ, ಕಲಿತವರ ಕೆಲಸ. ಮುಚ್ಚಿದ ಕೋಣೆಯಲ್ಲಂತೂ ಇಂಜಿನ್ ಚಾಲು ಮಾಡಲೇಬಾರದು. ಹೊಗೆಯಲ್ಲಿರುವ ಕಾರ್ಬನ್ ಮಾನಾಕ್ಸೈಡ್‌ಗೆ ಬಣ್ಣವಿಲ್ಲ, ವಾಸನೆಯಿಲ್ಲ, ಅದು ಜೀವ ತೆಗೆಯುತ್ತದೆ. ಆದರೆ ಬಿಚ್ಚುವ ಮೊದಲು ಅಳೆಯುವುದು, ಜೋಡಿಸಿದ ಮೇಲೆ ಮತ್ತೆ ಅಳೆಯುವುದು, ಕಂಡದ್ದನ್ನು ಬರೆದಿಡುವುದು ನಿಮ್ಮಿಂದಲೂ ಆಗುತ್ತದೆ.

ಮಾಡಿ ನೋಡಿ: ಸೂಜಿ ಇಲ್ಲದ ಹೊಸ ಸಿರಿಂಜ್ ತೆಗೆದುಕೊಳ್ಳಿ. ದಂಡವನ್ನು ಪೂರ್ತಿ ಎಳೆದು, ಬಾಯನ್ನು ಬೆರಳಿನಿಂದ ಬಿಗಿಯಾಗಿ ಮುಚ್ಚಿ ಒತ್ತಿ. ಎಲ್ಲಿಯವರೆಗೆ ಹೋಯಿತು? ಕೈ ಬಿಟ್ಟರೆ ಏನಾಯಿತು? ಈಗ ಬೆರಳನ್ನು ಸ್ವಲ್ಪವೇ ಸಡಿಲಿಸಿ ಮತ್ತೆ ಒತ್ತಿ. ಎರಡನ್ನೂ ಹೋಲಿಸಿ ಬರೆಯಿರಿ. ಇನ್ನೊಂದು ಲೆಕ್ಕ: ಸಿಲಿಂಡರ್‌ನ ವ್ಯಾಸ 6.85 ಸೆಂಟಿಮೀಟರ್, ಪಿಸ್ಟನ್ ಓಡುವ ದೂರ 7.2 ಸೆಂಟಿಮೀಟರ್. ಮೂರು ಸಿಲಿಂಡರ್‌ಗಳ ಒಟ್ಟು ಗಾತ್ರ ಎಷ್ಟು? ಕಾರಿನ ಹೆಸರಿನಲ್ಲಿ ‘800’ ಏಕೆ ಬಂತೆಂದು ಆಗ ನಿಮಗೇ ತಿಳಿಯುತ್ತದೆ.