ಹೂಮಳೆಯ ನಾಡಿನಲ್ಲೊಂದು ಹಾಡು

ಕಾಫಿಯ ಹೂವು ಪಂಚಾಂಗವನ್ನು ನೋಡಿ ಅರಳುವುದಿಲ್ಲ. ಮಾರ್ಚಿ-ಏಪ್ರಿಲ್ ತಿಂಗಳುಗಳಲ್ಲಿ ಹೂಮಳೆ ಬಿದ್ದು 8-10 ದಿನಗಳು ಕಳೆದರೆ ತೋಟವೆಲ್ಲ ಒಮ್ಮೆಗೇ ಬೆಳ್ಳಗಾಗುವುದು. ಮಲ್ಲಿಗೆಯನ್ನು ನೆನಪಿಗೆ ತರುವ ಆ ಸೊಬಗು ಎರಡು ಮೂರು ದಿನಗಳದು ಮಾತ್ರ. ತಾವೇ ಕಟ್ಟಿದ ಹಾಡನ್ನು ಚಿತ್ರಿಸಲು ಮೂಡಿಗೆರೆಗೆ ಹೊರಟ ಕಾಲೇಜು ಹುಡುಗರ ಸಂಗಡ ನಾನೂ ಹೋಗಿದ್ದೆ. ಕ್ಯಾಮರಾ ಬಾಡಿಗೆಯದು, ಅವಧಿ 2 ದಿನ. ನಾವು ತಲಪಿದಾಗ ಹೂಗಳು ಕಂದಿ ರೆಂಬೆಗಳಿಗೆ ಅಂಟಿಕೊಂಡಿದ್ದುವು.

ಪಲ್ಲವಿಯೇ ಹೂವನ್ನು ಕುರಿತದ್ದು! ಹಾಡುವ ಹುಡುಗಿಗೆ ಅದು ಕಾಲೇಜಿನ ಕೊನೆಯ ವರ್ಷ, ಕಣ್ಣು ತುಂಬಿಕೊಂಡಳು. ತೋಟದ ಮೇಸ್ತ್ರಿ ನಕ್ಕು, "ಹೂ ಹೋದರೆ ಅಳ್ತಾರೇನಮ್ಮ? ಇನ್ನು ಕಾಯಿ ಕಚ್ಚೋ ಕಾಲ" ಎಂದನು. ಹುಡುಗರು ಆ ರಾತ್ರಿಯೇ ಕುಳಿತು, ಅರಳಿದ ಹೂವಿನ ಹಾಡನ್ನು ಕಳೆದುಹೋದ ಹೂವನ್ನು ನೆನೆಯುವವಳ ಹಾಡಾಗಿ ತಿದ್ದಿದರು. ನನ್ನ ಕಿವಿಗೆ ಮೊದಲಿನದಕ್ಕಿಂತ ಇದೇ ಮೇಲೆನಿಸಿತು.

ಮರುದಿನ ಬಣಕಲ್, ಕೊಟ್ಟಿಗೆಹಾರಗಳನ್ನು ದಾಟಿ ಕಳಸದ ಕಡೆಗೆ ನಡೆದೆವು. ಅಲ್ಲಿಗೆ ಸಮೀಪದ ಅಂಬಾತೀರ್ಥದಲ್ಲಿ ಭದ್ರೆ ಬಂಡೆಗಳ ಇಕ್ಕಟ್ಟಿನಲ್ಲಿ ನುಗ್ಗುತ್ತಾಳೆ. ಮಧ್ವಾಚಾರ್ಯರು ಒಂದೇ ಕೈಯಿಂದ ಇರಿಸಿದರೆಂಬ ಪ್ರತೀತಿಯ ಬಂಡೆಯೂ ಅಲ್ಲಿದೆ. ನೀರಿನ ಮೊರೆತದಲ್ಲಿ ಮುದ್ರಿಸಿ ತಂದ ಹಾಡು ಹುಡುಗಿಗೆ ಕೇಳಿಸಲೇ ಇಲ್ಲ. ತುಟಿಯೊಂದು ದಾರಿ, ತಾಳವೊಂದು ದಾರಿ. ಕೊನೆಗೆ ಒಬ್ಬನು ಯಂತ್ರವನ್ನು ಕಿವಿಗೊತ್ತಿಕೊಂಡು, ಕ್ಯಾಮರಾದ ಹಿಂದೆ ನಿಂತು, ಕೆಂಪು ವಸ್ತ್ರವೊಂದನ್ನು ಬೀಸಿ ತಾಳ ತೋರಿಸಿದನು. ಅವಳು ಅದನ್ನೇ ನೋಡುತ್ತ ಹಾಡಿದಳು.

ಕೊನೆಯ ಚರಣ ಮುಗಿಯುತ್ತಲೇ ಗುಡುಗು ಕೇಳಿಸಿತು. ಹುಡುಗರು ಅಂಗಿಗಳನ್ನು ಬಿಚ್ಚಿ ಕ್ಯಾಮರಾಕ್ಕೆ ಹೊದಿಸಿ, ತಾವು ನೆನೆಯುತ್ತ ಗಾಡಿಯ ಕಡೆಗೆ ಓಡಿದರು.